ಬಾಗಿಲಿಗೆ ತಿರುಗಿದ ಮೇಜು

ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರ ಮೇಜುಗಳೆಲ್ಲ ಸಾಹೇಬರ ಕೋಣೆಯ ಕಡೆಗೇ ತಿರುಗಿದ್ದವು. ಅರ್ಜಿ ಹಿಡಿದು ಬಂದವರಿಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು. ಅರವತ್ತೆರಡನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದ ಶ್ಯಾಮಲಮ್ಮ ಒಂದು ಬೆಳಿಗ್ಗೆ ತನ್ನ ಮೇಜನ್ನು ಬಾಗಿಲಿನತ್ತ ತಿರುಗಿಸಿಕೊಂಡಳು.

"ಏನಮ್ಮ ಇದು, ಸಾಹೇಬ್ರಿಗೆ ಬೆನ್ನು ಹಾಕ್ಕೊಂಡು ಕೂತಿದ್ದೀಯ?" ಎಂದು ಶಿರಸ್ತೇದಾರ್ ನರಸಿಂಹಪ್ಪ ಗದರಿದರು.

"ಬರೋರ ಮುಖ ಕಾಣ್ಲಿ ಅಂತ ಸಾರ್. ಸಾಹೇಬ್ರು ಕರೆದ್ರೆ ಕಿವಿಗೆ ಬೀಳುತ್ತೆ."

ಅಂದಿನಿಂದ ಜಂಗಮಕೋಟೆ ಕಡೆಯ ಹಳ್ಳಿಯವರಿರಲಿ, ಪೇಟೆಯವರಿರಲಿ, ಬಂದವರೆಲ್ಲ ಮೊದಲು ಅವಳನ್ನೇ ಕೇಳತೊಡಗಿದರು. ದಾರಿ ತೋರಿಸುವುದರಲ್ಲೇ ಹೊತ್ತು ಹೋಗಿ, ಅವಳ ಸ್ವಂತ ಕೆಲಸ ಸಂಜೆಗೆ ಉಳಿಯುತ್ತಿತ್ತು. ಇದನ್ನು ಮೈಮೇಲೆ ಎಳೆದುಕೊಂಡೆನಲ್ಲ ಎಂದು ಅವಳಿಗೇ ಬೇಸರವಾಯಿತು.

ಆ ವಾರವೇ ಹಿರಿಯ ಗುಮಾಸ್ತ ಬಷೀರ್ ಅಹಮದ್ ತಮ್ಮ ಮೇಜನ್ನು ದರದರ ಎಳೆದು ತಂದು ಅವಳ ಪಕ್ಕದಲ್ಲಿ ಹಾಕಿದರು.

"ಅರ್ಧ ಜನಾನ ಈ ಕಡೆ ಕಳ್ಸಮ್ಮ," ಎಂದರು.