ಹೊಸ ಜಾಗದ ಕಲ್ಲು

ತಳೇಗಾಂವ ದಾಭಾಡೆಯ ಕಾರ್ಖಾನೆಗಳ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ಒಂದು ಬೆಟ್ಟದ ಹೊಟ್ಟೆಯನ್ನೇ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದರು. ಮೇಲಿನ ಕೆರೆಯ ನೀರನ್ನು ಸುರಂಗದಲ್ಲಿ ಕೆಳಗಿಳಿಸಿ ಕರೆಂಟು ತೆಗೆಯುವ, ಆಮೇಲೆ ಅದೇ ನೀರನ್ನು ಊರುಗಳಿಗೆ ಕುಡಿಯಲು ಕೊಡುವ ಯೋಜನೆ ಅದು. ಅದಕ್ಕಾಗಿ ಬೆಟ್ಟದಲ್ಲಿ ಅಲ್ಲಲ್ಲಿ ಬೋರು ಕೊರೆದು, ಬಂದ ಕಲ್ಲಿನ ತುಂಡುಗಳನ್ನು ಆಳದ ಪ್ರಕಾರ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ತುಂಡುಗಳನ್ನು ತೊಳೆಯುವುದು, ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಬೋರಿನ ನಂಬರು ಬರೆಯುವುದು ಶಿವಕಾಂತಾಳ ಕೆಲಸ. ಬೀದರ ಕಡೆಯವಳು, ಹತ್ತನೆಯವರೆಗೆ ಓದಿದವಳು. ಆರು ವರ್ಷಗಳಲ್ಲಿ ಅವಳು ಕಲ್ಲನ್ನು ಕಂಪನಿಯ ಇಂಜಿನಿಯರುಗಳಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ಅದಕ್ಕೆ ಬಹಳ ಜಾಣತನವೇನೂ ಬೇಕಿರಲಿಲ್ಲ, ಬಗ್ಗಿ ನೋಡಿದರೆ ಸಾಕಿತ್ತು.

ಈ ವರ್ಷ ಯೋಜನೆ ಬದಲಾಯಿತು. ನೆಲದಡಿ ವಿದ್ಯುತ್ ಮನೆ ಬರಬೇಕಿದ್ದ ಜಾಗದ ಮೇಲೆ ಯಾರೋ ದೊಡ್ಡವರ ಫಾರ್ಮ್‌ಹೌಸ್ ಇತ್ತು. ಕೆಳಗೆ ಮದ್ದು ಸಿಡಿಸಿದರೆ ಅವರ ಈಜುಕೊಳ ಬಿರುಕು ಬಿಡುತ್ತದಂತೆ. ಮಗರಪಟ್ಟಾದ ಕಂಪನಿ ಆಫೀಸಿನ ಆರನೆಯ ಮಹಡಿಯಲ್ಲಿ ತಣ್ಣಗೆ ಕುಳಿತವರು ಮೂರೇ ದಿನಗಳಲ್ಲಿ ವಿದ್ಯುತ್ ಮನೆಯನ್ನು ಎರಡು ಕಿಲೋಮೀಟರ್ ಆಚೆ ಸರಿಸಿದರು. ಹೊಸ ಜಾಗದಲ್ಲಿ ಶಾಸ್ತ್ರಕ್ಕೆ ಒಂದೇ ಬೋರು ಕೊರೆಸಿದರು, ಅದು ಹದಿನೆಂಟನೆಯದು. ಬಂದದ್ದು ಗಟ್ಟಿ ಕಲ್ಲಲ್ಲ, ಎರಡು ಪೆಟ್ಟಿಗೆ ಕೆಂಪು ಹೆಂಟೆ.

ಸೋಮವಾರ ಆ ಜಾಗದ ಸುರಂಗಕ್ಕೆ ಇಳಿಯಬೇಕಾದ ಹನ್ನೊಂದು ಜನರ ಗ್ಯಾಂಗಿಗೆ ಶಿವಕಾಂತಾಳ ಗಂಡ ಅಂಬಾದಾಸನೇ ಮುಕಾದಮ.

ಶುಕ್ರವಾರ ಕಂಪನಿಯ ಮ್ಯಾನೇಜರ್ ಮಧ್ವೇಶ ಬಂದ. ವಿಜಯಪುರದವನು. ಶೆಡ್ಡಿಗೆ ಬಂದಾಗ ಕನ್ನಡ, ಸಾಹೇಬರ ಮುಂದೆ ಮರಾಠಿ, ತಪ್ಪು ಮುಚ್ಚುವಾಗ ಇಂಗ್ಲಿಷು.

"ನೋಡವಾ ಶಿವಕಾಂತಾ, ನಾಳೆ ತಜ್ಞರ ಸಮಿತಿ ಬರ್ತದ. ಏಳನೇ ಬೋರಿನ ಕರಿಕಲ್ಲಿನ ಪೆಟ್ಟಿಗಿ ಮ್ಯಾಲಿನ ನಂಬರ್ ಅಳಿಸಿ ಹದಿನೆಂಟು ಅಂತ ಬರಿ."

"ಏಳು ಹಳೇ ಜಾಗಾದ್ದಲ್ರಿ?"

"ಬೆಟ್ಟ ಒಂದ ಅಲ್ಲೇನು? ಕಲ್ಲೂ ಒಂದ."

"ಕಲ್ಲು ಒಂದ ಇದ್ರ ನಂಬರ್ ಯಾಕ ಬದ್ಲಿಸ್ಬೇಕ್ರಿ?"

ಮಧ್ವೇಶ ನಕ್ಕ. "ಭಾಳ ಶ್ಯಾಣ್ಯಾಕಿ ಆಗೀದಿ ನೀನು. ಆ ಕೆಂಪು ಪೆಟ್ಟಿಗಿ ಎರಡೂ ನಾಲಾಕ್ಕ ಸುರುವು. ಕೆಲ್ಸ ನಿಂತ್ರ ನಿನ್ನ ಗಂಡಗೂ ಕೆಲ್ಸ ಇಲ್ಲ, ತಿಳೀತಿಲ್ಲೋ?"

ಅವಳು ಏಳನ್ನು ಅಳಿಸಿ ಹದಿನೆಂಟು ಬರೆದಳು. ಕೆಂಪು ಪೆಟ್ಟಿಗೆಗಳನ್ನು ಮಾತ್ರ ಸುರಿಯಲಿಲ್ಲ. ತಜ್ಞರೆಂದ ಮೇಲೆ ಕಣ್ಣು ಇದ್ದೇ ಇರುತ್ತದೆಂದು ನಂಬಿ, ಅವನ್ನು ಸಾಲಿನ ತಲೆಗೇ ಇಟ್ಟಳು.

ಮರುದಿನ ಐದು ಜನ ತಜ್ಞರು ಮೂರು ಕಾರುಗಳಲ್ಲಿ ಬಂದರು. ಮೊದಲು ಎಳನೀರು ಕುಡಿದರು. ಒಬ್ಬ ಕರಿಕಲ್ಲಿನ ತುಂಡನ್ನು ಮಗುವಿನ ಹಾಗೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ಅವರಲ್ಲಿ ಹಿರಿಯನಾದವನು ಕೆಂಪು ಪೆಟ್ಟಿಗೆಯ ಮುಂದೆ ನಿಂತ. ಒಂದು ಹೆಂಟೆ ಹಿಡಿದ. ಅದು ಬೆರಳಲ್ಲೇ ಉದುರಿತು.

"ಇದರ ಮೇಲೂ ಹದಿನೆಂಟು, ಅದರ ಮೇಲೂ ಹದಿನೆಂಟು. ಏನಿದು?" ಎಂದು ಮರಾಠಿಯಲ್ಲಿ ಕೇಳಿದ.

ಮಧ್ವೇಶನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬರೆಯುವ ಹೆಂಗಸಿನ ತಪ್ಪು ಸರ್. ಈ ಕೆಂಪು ಕಲ್ಲು ಏಳನೆಯ ಬೋರಿನದು, ಹಳೆಯ ಜಾಗದ್ದು. ಅದಕ್ಕೇ ನಾವು ಜಾಗ ಬದಲಿಸಿದ್ದು."

"ಹಾಗೋ! ಒಳ್ಳೆಯದಾಯಿತು. ಈ ಮಣ್ಣಿನಲ್ಲಿ ಸುರಂಗ ಕೊರೆದಿದ್ದರೆ ಜನ ಸಾಯುತ್ತಿದ್ದರು," ಎಂದು ತಜ್ಞ ತಲೆದೂಗಿದ.

"ಸಾಹೇಬ, ಅದು ಹೊಸ ಜಾಗದ್ದೇ," ಎಂದಳು ಶಿವಕಾಂತಾ, ಅದೂ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ.

ಹಿರಿಯ ತಜ್ಞ ಅವಳನ್ನಲ್ಲ, ಮಧ್ವೇಶನನ್ನು ನೋಡಿದ. ಮಧ್ವೇಶ ಇಂಗ್ಲಿಷಿನಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ತಜ್ಞ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, "ಆದರೂ ಅಕ್ಷರ ಚೆನ್ನಾಗಿದೆ," ಎಂದ. ಹಳೆಯ ಜಾಗ ಬಿಟ್ಟದ್ದು ವಿವೇಕದ ನಿರ್ಧಾರವೆಂದು ಸಮಿತಿ ಅಲ್ಲೇ ನಿಂತು ಬರೆದುಕೊಂಡಿತು. ಊಟಕ್ಕೆ ತಡವಾಗಿತ್ತು.

ಕಾರುಗಳು ಹೋದ ಮೇಲೆ ಮಧ್ವೇಶ ಅವಳಿಂದ ಶೆಡ್ಡಿನ ಬೀಗದ ಕೈ ಕಸಿದುಕೊಂಡ. ಅಷ್ಟರೊಳಗೆ ಅವಳು ಕೆಂಪು ಕಲ್ಲಿನ ಏಳೆಂಟು ತುಂಡುಗಳನ್ನು ಬುತ್ತಿ ಡಬ್ಬಿಗೆ ಹಾಕಿಕೊಂಡಾಗಿತ್ತು.

ಮನೆಯಲ್ಲಿ ಗಂಡನ ಮುಂದೆ ಗಾಜಿನ ಲೋಟದಲ್ಲಿ ನೀರು ಹಾಕಿ ಒಂದು ತುಂಡು ಬಿಟ್ಟಳು. ಚಹಾ ಕುದಿಯುವಷ್ಟರಲ್ಲಿ ತುಂಡು ಕರಗಿ ರಾಡಿಯಾಯಿತು.

"ಎಲ್ಲೀದಿದು?" ಎಂದ ಅಂಬಾದಾಸ.

"ಸೋಮವಾರ ನಿಮ್ಮ ತಲಿ ಮ್ಯಾಲ ಇರೋದು."

"ಮ್ಯಾಲ ತಂತಿ ಜಾಳಗಿ ಬಡೀತಾರ, ಸಿಮೆಂಟ್ ಹೊಡೀತಾರ. ಇಪ್ಪತ್ ವರ್ಷ ಸುರಂಗದಾಗ ಕೆಲ್ಸ ಮಾಡೀನಿ, ನನಗ ಕಲಸ್ತಿ?"

"ಜಾಳಗಿ ರಾಡಿ ಹಿಡೀತದೇನ್ರಿ?"

ಅವನು ಲೋಟವನ್ನೇ ನೋಡಿದ. "ಮಧ್ವೇಶ ಸಾಹೇಬ್ರು ನಮ್ಮ ಕಡೀವ್ರು. ಹಂಗ ಮಾಡ್ಲಿಕ್ಕಿಲ್ಲ."

"ಕನ್ನಡದಾಗ ಹೇಳಿ ಕೊಂದ್ರ ಹೆಣ ನಗತದೇನು?"

ಅಂಬಾದಾಸ ಲೋಟ ಎತ್ತಿಕೊಂಡು ಹೊರಗೆ ಹೋದ. ಸಾಲಿನಲ್ಲಿದ್ದ ಹತ್ತು ತಗಡಿನ ಮನೆಗಳ ಬಾಗಿಲು ಬಡಿದು, ಹತ್ತೂ ಜನರಿಗೆ ತೋರಿಸಿದ.

ಸೋಮವಾರ ಗ್ಯಾಂಗು ಇಳಿಯಲಿಲ್ಲ. ಮಧ್ಯಾಹ್ನ ಮಧ್ವೇಶ ಬಂದು ಅಂಬಾದಾಸನ ಮನೆಯ ಬಾಗಿಲಲ್ಲೇ ನಿಂತು ಕೂಗಾಡಿದ. "ನೀವಿಲ್ಲಂದ್ರ ಬೆಟ್ಟ ಕಾಯ್ತದಂತ ತಿಳಿದೀರೇನ್ರೋ? ನಾಳೆ ಝಾರ್ಖಂಡದ ಮಂದಿ ತರಸ್ತೀನಿ!"

ತರಿಸಿದ. ಮರುದಿನ ಬೆಳಿಗ್ಗೆ ಟೆಂಪೊ ಸುರಂಗದ ಬಾಯಿಗೆ ಬಂದಾಗ ಶಿವಕಾಂತಾ, ಅಂಬಾದಾಸ ಇಬ್ಬರೂ ಅಲ್ಲಿದ್ದರು. ಅವಳು ಹರಕುಮುರುಕು ಹಿಂದಿಯಲ್ಲಿ ವಿಷಯ ಹೇಳಿ, ಅವರೆದುರೇ ಇನ್ನೊಂದು ತುಂಡು ನೀರಿಗೆ ಬಿಟ್ಟಳು. ಒಂಬತ್ತು ಜನ ಸುತ್ತ ನಿಂತು ನೋಡಿದರು. ಒಬ್ಬ ನಕ್ಕ. ಇನ್ನೊಬ್ಬ, ಊರಿಂದ ಇಷ್ಟು ದೂರ ಬಂದದ್ದು ನೀರು ನೋಡಲಿಕ್ಕಾ ಎಂದ.

ಕಡೆಗೆ ಇಬ್ಬರು ಹೆಲ್ಮೆಟ್ ತೆಗೆದು ಟೆಂಪೊದಲ್ಲಿಟ್ಟರು. ಏಳು ಜನ ಒಳಗೆ ಹೋದರು. ಮಧ್ವೇಶ ಮತ್ತಿಬ್ಬರಿಗಾಗಿ ಫೋನು ಹಚ್ಚಿದ.