ಗೋಸುಂಬೆ ಮರಿಗಳ ಬುತ್ತಿ

ನಮ್ಮ ಗುರುಗುಂಟಾದಲ್ಲಿ ಗೋಸುಂಬೆ ಕಂಡರೆ ಜನ ಮೊದಲು ಕಲ್ಲು ಹುಡುಕುತ್ತಾರೆ, ಮಾತು ಆಮೇಲೆ. ನನ್ನದು ಉಲ್ಟಾ ಬುದ್ಧಿ. ಎಂಬತ್ತೇಳರ ಕಾರ್ತಿಕದಲ್ಲಿ ನಮ್ಮ ಕಿರಾಣಿ ಅಂಗಡಿಯ ಹಿಂದೆ ಒಂದು ಹೆಣ್ಣು ಗೋಸುಂಬೆ ನೆಲ ಬಗೆದು, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ತಿರುಗಿ ಕೂಡ ನೋಡದೆ ಬೇಲಿ ಹತ್ತಿ ಹೋಯಿತು. ನಾನು ಆ ಜಾಗಕ್ಕೆ ಜಾಲಿಮುಳ್ಳು ಹಚ್ಚಿದೆ. ಬೇಸಿಗೆಯಲ್ಲಿ ವಾರಕ್ಕೊಂದು ಚರಿಗೆ ನೀರು ಚಿಮುಕಿಸಿದೆ. ಕುಡಿಯುವ ನೀರಿಗೇ ಸರದಿ ನಿಲ್ಲುವ ಊರಲ್ಲಿ ಮಣ್ಣಿಗೆ ನೀರು ಕುಡಿಸುವ ಹೆಂಗಸು ಇವಳೊಬ್ಬಳೇ ಎಂದು ನನ್ನ ಗಂಡ ಶಿವಶರಣಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿ ನಕ್ಕರು. ಮೊದಲ ಮಳೆಯ ಮರುದಿನ ಇಪ್ಪತ್ತೊಂದು ಮರಿ ಮೇಲೆದ್ದು ಬಂದವು, ಒಂದೊಂದೂ ಬೆಂಕಿಕಡ್ಡಿಗಿಂತ ಗಿಡ್ಡ. ಆಗ ಬುಟ್ಟಿಗೆ ಸೊಳ್ಳೆಪರದೆ ಹೊಲಿದುಕೊಟ್ಟವರೂ ಅವರೇ.

ಇಪ್ಪತ್ತೊಂದು ಬಾಯಿ ತುಂಬಿಸುವುದು ಒಬ್ಬಳ ಕೈಲಾಗುವ ಕೆಲಸವಲ್ಲ. ಸಂತೆಗೆ ಬರುವ ಮಸ್ಕಿಯ ಶಾಮೀದಸಾಬ ಏಳು ಮರಿ ಒಯ್ದ. ಅವನು ಕೈಗಡಿಯಾರ ರಿಪೇರಿ ಮಾಡುವವನು, ಸಣ್ಣ ಜೀವಗಳನ್ನು ನೋಡಲು ಅವನ ಹತ್ತಿರ ಭೂತಗನ್ನಡಿ ಇತ್ತು. ಇನ್ನೇಳು ಮರಿ ಒಯ್ದವನು ಬಳಗಾನೂರಿನ ವೆಂಕೋಬ. ನಮ್ಮೂರ ಹತ್ತಿರದ ಅಮರೇಶ್ವರನಿಗೆ ಕಾಯಿ ಒಡೆಸಲು ಬಂದವನು ನಮ್ಮ ಅಂಗಡಿ ಮುಂದೆ ಬಸ್ಸು ಕಾಯುತ್ತ ಬುಟ್ಟಿಯೊಳಗೆ ಇಣುಕಿದ, ಬಸ್ಸು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ಅವನದು ಕಾಲುವೆ ಸೀಮೆ, ಭತ್ತದ ಹೊಲ. ಆ ಕಡೆಯವರ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ಕಾಲುವೆ ನೀರು ಬಂದ ಮೇಲೆ ನಿಮ್ಮವರಿಗೆ ಜೀವ ಸಾಕುವುದೇ ಮರೆತುಹೋಗಿದೆ, ಮೂರು ತಿಂಗಳಲ್ಲಿ ನಿನ್ನ ಬುಟ್ಟಿ ಖಾಲಿಯಾಗುತ್ತದೆ ನೋಡು ಎಂದು ಮರಿ ಕೊಡುವಾಗಲೇ ಚುಚ್ಚಿದೆ. ಅವನು ನಕ್ಕು ಹೋದ.

ಪ್ರತಿ ಅಮಾವಾಸ್ಯೆಗೆ ಮೂವರೂ ಒಬ್ಬರಿಗೊಬ್ಬರು ಕಾರ್ಡು ಬರೆಯಬೇಕೆಂದು ಮಾತಾಯಿತು. ಅಂದು ಎತ್ತಿಗೆ ನೊಗ ಹೂಡುವುದಿಲ್ಲ, ಬರೆಯಲು ವೆಂಕೋಬನಿಗೆ ಬಿಡುವಿರುತ್ತದೆ. ಮರಿ ಎಷ್ಟುದ್ದ ಬೆಳೆಯಿತು, ಏನು ತಿಂದಿತು, ಪೊರೆ ಬಿಟ್ಟಿತೇ, ಯಾವ ಬಣ್ಣಕ್ಕೆ ತಿರುಗಿತು, ಎಲ್ಲ ಬರೆಯಬೇಕು. ನಾನು ಮೊದಲ ಕಾರ್ಡಿನಲ್ಲೇ ಮೂರು ಸತ್ತವೆಂದು ಬರೆದೆ. ಶಾಮೀದಸಾಬ ಎರಡು ಸತ್ತವೆಂದು ಬರೆದ. ವೆಂಕೋಬನ ಕಾರ್ಡಿನಲ್ಲಿ ಮಾತ್ರ ಮೂರು ಅಮಾವಾಸ್ಯೆಗೂ ಒಂದೇ ಸಾಲು: ‘ಏಳೂ ಆರಾಮ ಅದಾವ.’ ಓದಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಮಹಾನವಮಿ ಅಮಾವಾಸ್ಯೆಯ ದಿನ ಕಾರ್ಡಿನ ಬದಲು ಅವನೇ ಬಸ್ಸಿಳಿದ. ಬುಟ್ಟಿಯಲ್ಲಿ ಒಂದೇ ಮರಿ. ಮೈಯೆಲ್ಲ ಕಪ್ಪಾಗಿ, ಕಣ್ಣು ಮುಚ್ಚಿ, ಕಡ್ಡಿಗೆ ಜೋತುಬಿದ್ದಿತ್ತು.

‘ಆರು ಯಾವಾಗೋ ಸತ್ತಾವ್ರೀ ಅಕ್ಕಾ. ಇದೊಂದ ಉಳದದ. ಹೆಂಗರ ಮಾಡಿ ಇದನ್ನ ಉಳಿಸ್ರಿ,’ ಎಂದ.

‘ಮತ್ತ ಏಳು ಅಂತ ಯಾಕ ಬರದಿ?’

‘ನೀರಿದ್ದ ಊರಾಗ ಸತ್ತಾವ ಅಂತ ನಿಮಗ ಹೆಂಗ ಬರೀಲ್ರೀ?’

ಏನು ತಿನ್ನಿಸುತ್ತಿದ್ದೀ ಎಂದು ಕೇಳಿದೆ. ಭತ್ತದ ಗದ್ದೆಯ ಮಿಡತೆ ಎಂದ. ‘ಭಾಳ ಸರಳ ಸಿಗತಾವ್ರೀ. ಕೈ ಹಾಕಿದ್ರೂ ಹಾರಂಗಿಲ್ಲ.’

ಹಾರದ ಮಿಡತೆ ಎಂಥ ಮಿಡತೆ? ಗದ್ದೆಗೆ ಎಣ್ಣೆ ಹೊಡೆದಿದ್ದೀಯೇನು ಎಂದೆ. ಹುಳ ಸಾಯಲೆಂದು ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತೇವೆ. ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತೇನೆ ಎಂದು ಹೇಳುತ್ತಿದ್ದವನು ಅರ್ಧಕ್ಕೇ ನಿಂತ. ಸಾಯುತ್ತಿದ್ದ ಹುಳವನ್ನೇ ಹೆಕ್ಕಿ ಹೆಕ್ಕಿ ತನ್ನ ಕೈಯಾರೆ ಮರಿಗಳ ಬಾಯಿಗೆ ಹಾಕಿದ್ದು ಅವನಿಗೆ ಆಗಲೇ ಹೊಳೆದದ್ದು. ಅಂಗಡಿಯ ಕಟ್ಟೆ ಮೇಲೆ ಕುಸಿದು ಕೂತ, ಕಣ್ಣು ತುಂಬಿಕೊಂಡ. ಅವನು ಮೊದಲ ತಿಂಗಳೇ ನಿಜ ಬರೆದಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವು, ಬರೆಯದಂತೆ ಮಾಡಿದ್ದು ನನ್ನ ನಾಲಿಗೆ.

ಮರಿಯನ್ನು ನನ್ನಲ್ಲೇ ಬಿಟ್ಟುಹೋಗು ಎಂದರೆ ಕೇಳಲಿಲ್ಲ. ಖಾಲಿ ಬುಟ್ಟಿ ಹಿಡಿದು ಊರಿಗೆ ಹೋಗುವುದಿಲ್ಲವೆಂದು ಹಟ ಹಿಡಿದ. ಹಾಗಾದರೆ ಬುತ್ತಿ ಕಳಿಸುತ್ತೇನೆ ಎಂದೆ. ನಮ್ಮ ಸೀಮೆಯಲ್ಲಿ ಲಿಂಗಸುಗೂರು, ಸಿಂಧನೂರಿನಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ರೊಟ್ಟಿಯ ಬುತ್ತಿ ಹೋಗುತ್ತದೆ, ಡಬ್ಬಿಯ ಮೇಲೆ ಹೆಸರಿದ್ದರೆ ಸಾಕು. ಆ ಸಾಲಿನಲ್ಲಿ ತೂತು ಕೊರೆದ ನನ್ನದೊಂದು ಡಬ್ಬಿಯೂ ಸೇರಿತು. ಒಳಗೆ ನಮ್ಮ ಸಜ್ಜೆ ಹೊಲದ ಬದುವಿನ ಮಿಡತೆ, ಎಣ್ಣೆಯ ಹೆಸರನ್ನೂ ಕೇಳದವು. ಬಸ್ಸು ಮಸ್ಕಿಯಲ್ಲಿ ನಿಂತಾಗ ಶಾಮೀದಸಾಬ ಡಬ್ಬಿ ತೆಗೆದು ಸತ್ತವನ್ನು ಆರಿಸಿ ಬಿಸಾಡುತ್ತಿದ್ದ. ಒಂದು ದಿನ ದಾರಿಯಲ್ಲೇ ಮುಚ್ಚಳ ಬಿಚ್ಚಿ ಮಿಡತೆಗಳೆಲ್ಲ ಬಸ್ಸು ತುಂಬ ಹಾರಾಡಿದವಂತೆ. ಟಿಕೆಟ್ಟಿಲ್ಲದ ಐವತ್ತು ಮಂದಿಯನ್ನು ಹತ್ತಿಸಿದ್ದೀರಿ ಎಂದು ಕಂಡಕ್ಟರು ಮರುದಿನ ನನ್ನೊಡನೆ ಜಗಳ ತೆಗೆದ. ಅವನಿಗೆ ಒಂದು ಕಪ್ ಚಹಾ ಕುಡಿಸಿ ಸಮಾಧಾನ ಮಾಡಿದೆ.

ದೀಪಾವಳಿಯ ಕಾರ್ಡಿನಲ್ಲಿ ‘ಒಂದು ಅದ. ಹಸರಾಗ್ಯದ’ ಎಂದಿತ್ತು. ಉಪ್ಪು ಬೆಲ್ಲಕ್ಕೆ ಬಂದವರಿಗೆಲ್ಲ ಅದನ್ನು ಓದಿ ಹೇಳಿದೆ.

ನನ್ನ ಸೊಕ್ಕು ಅಷ್ಟಕ್ಕೇ ಇಳಿಯಬೇಕಿತ್ತು, ಇಳಿಯಲಿಲ್ಲ. ಶಿವರಾತ್ರಿ ಹೊತ್ತಿಗೆ ನಮ್ಮೂರಲ್ಲಿ ಹಸಿರು ಉಳಿದದ್ದು ಅಂಗಡಿಯ ಸೋಪಿನ ಕಾಗದದ ಮೇಲೆ ಮಾತ್ರ. ಸಜ್ಜೆ ಕೊಯ್ದು ಎಷ್ಟೋ ದಿನವಾಗಿತ್ತು, ಬದುವಿನ ಹುಲ್ಲು ಒಣಗಿತ್ತು. ಮುಂಜಾನೆಯೆಲ್ಲ ಅಲೆದರೆ ಎರಡು ಮಿಡತೆ ಸಿಕ್ಕರೆ ಪುಣ್ಯ. ವೆಂಕೋಬನಿಗೆ ಕಳಿಸುವುದು ನಿಂತೇಹೋಯಿತು. ನನ್ನ ನಾಲ್ಕು ಗೋಸುಂಬೆಗಳ ಪಕ್ಕೆಲುಬು ಎಣಿಸುವಂತಾದವು, ಬಣ್ಣ ಕಪ್ಪಿಗೆ ತಿರುಗಿತು. ಕಾಲುವೆ ಕಡೆ ಎರಡನೇ ಬೆಳೆ ಹಸಿರಾಗಿ ನಿಂತಿರುತ್ತದೆ, ಆದರೆ ಅದೆಲ್ಲ ಎಣ್ಣೆಯದು. ಅದಕ್ಕಿಂತ ಹೆಚ್ಚಾಗಿ, ಅವನನ್ನು ಹೀಯಾಳಿಸಿದ ಬಾಯಲ್ಲೇ ಬೇಡುವುದು ಹೇಗೆ? ಅಮಾವಾಸ್ಯೆಯ ಕಾರ್ಡಿನಲ್ಲಿ ‘ನಾಲ್ಕೂ ಆರಾಮ ಅದಾವ’ ಎಂದು ಬರೆದು ಟಪಾಲು ಡಬ್ಬಿಗೆ ಹಾಕಿ ಬಂದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುತ್ತಾರಲ್ಲ, ಅದು ನಾನೇ.

ನಾಲ್ಕನೇ ದಿನ ಕಂಡಕ್ಟರು ನನ್ನದೇ ತೂತಿನ ಡಬ್ಬಿಯನ್ನು ಕಟ್ಟೆ ಮೇಲೆ ಇಟ್ಟ. ಒಳಗೆ ಚಟಪಟ ಸದ್ದು. ಮುಚ್ಚಳಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ವೆಂಕೋಬನ ಕೈಬರಹ: ‘ಅಕ್ಕಾ, ಆರಾಮ ಅದಾವ ಅಂತ ನಾನೂ ಮೂರು ಸಲ ಬರದೀನಿ. ಇವು ಹಾರತಾವ. ಅಂಜಬ್ಯಾಡ್ರಿ, ತಿನ್ನಸ್ರಿ.’

ಓದಿ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ದಿನ ಬಿಟ್ಟು ದಿನ ಡಬ್ಬಿ ಬಂತು. ಯುಗಾದಿಯ ಹೊತ್ತಿಗೆ ನಾಲ್ಕೂ ಮತ್ತೆ ಹಸಿರಾಗಿ, ಕಡ್ಡಿಯ ಮೇಲೆ ಒಂದನ್ನೊಂದು ತಳ್ಳಾಡತೊಡಗಿದವು. ಆದರೆ ಎಣ್ಣೆಯ ಸೀಮೆಯಲ್ಲಿ ಹಾರುವ ಮಿಡತೆ ಇವನಿಗೆಲ್ಲಿ ಸಿಕ್ಕವು ಎಂಬುದು ತಲೆ ಕೊರೆಯುತ್ತಿತ್ತು. ತಡೆಯಲಾಗದೆ ಒಂದು ದಿನ ಬೆಳಗಿನ ಬಸ್ಸು ಹತ್ತಿದೆ.

ಬಳಗಾನೂರಿನಲ್ಲಿ ವೆಂಕೋಬನ ಹೆಂಡತಿ ಆದಮ್ಮ ನೀರು ಕೊಟ್ಟು, ನಾನು ಕುಡಿದು ಮುಗಿಸುವ ಮೊದಲೇ ದೂರು ಶುರು ಮಾಡಿದಳು. ಕಾಲುವೆ ಪಕ್ಕದ ಅರ್ಧ ಎಕರೆಗೆ ಈ ಸಲ ಒಂದು ಹನಿ ಎಣ್ಣೆ ಹೊಡೆಯಲು ಬಿಟ್ಟಿಲ್ಲವಂತೆ. ಹುಳವೆಲ್ಲ ಅಲ್ಲೇ ಬೀಡುಬಿಟ್ಟಿವೆಯಂತೆ. ಊರೇ ನಗುತ್ತಿದೆಯಂತೆ. ಹಾಗೆ ಬೈಯುತ್ತಲೇ ನನ್ನ ತಾಟಿಗೆ ಮತ್ತೊಂದು ಹಿಡಿ ಮಂಡಕ್ಕಿ ಸುರಿದಳು.

ವೆಂಕೋಬ ಗದ್ದೆಗೆ ಕರೆದೊಯ್ದ. ಸುತ್ತಲಿನವರ ಭತ್ತ ಮೊಣಕಾಲೆತ್ತರ ದಟ್ಟವಾಗಿ ನಿಂತಿತ್ತು. ಅವನ ಆ ತುಂಡು ಮಾತ್ರ ಆಡು ಮೇಯ್ದು ಬಿಟ್ಟ ಹಾಗಿತ್ತು. ಅರ್ಧ ಎಕರೆ ಹೋಯಿತೆಂದರೆ ಆ ಸೀಮೆಯ ರೈತನಿಗೆ ಎಷ್ಟು ನೋವೆಂದು ನನಗೆ ಗೊತ್ತು. ಆದರೂ ಹೊಲಕ್ಕೆ ಹೋದವರು ಯಾರಾದರೂ ಕೇಳುವುದನ್ನೇ ಕೇಳಿದೆ.

‘ಬೆಳಿ ಹೆಂಗ ಬಂದದೋ ತಮ್ಮಾ?’

ಅವನು ಬದುವಿನಿಂದ ಗದ್ದೆಯೊಳಗೆ ಒಂದು ಹೆಜ್ಜೆ ಇಟ್ಟ. ಕಾಲ ಸುತ್ತಲಿಂದ ನೂರಾರು ಮಿಡತೆ ಚಿಮ್ಮಿ ಹಾರಿದವು. ಒಳ್ಳೆ ಸುಗ್ಗಿ ಕಂಡವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ಅವನ್ನು ನೋಡಿದ.

‘ಈ ಸಲ ಮಿಡಚಿ ಚೊಲೋ ಬಂದಾವ್ರೀ ಅಕ್ಕಾ,’ ಎಂದ.