ಡಬ್ಬಿಯ ಬೆನ್ನಿನ ಶ್ರೀಕಾರ

ಯಂತ್ರದ ಒಡಲೊಳಗೆ ಕಾಣದ ಬೆಂಕಿಯಾಗಿ ಉರಿಯುವವನೂ, ಆ ಬೆಂಕಿಯನ್ನು ತಣಿಸಲು ಹೊರಗೆ ಗಾಳಿಯಾಗಿ ಬೀಸುವವನೂ, ಲೋಹವು ಲೋಹವನ್ನು ತಿನ್ನದಂತೆ ನಡುವೆ ಜಿಡ್ಡಾಗಿ ನಿಂತು ಕಾಯುವವನೂ ಆದ ಪರಮಾತ್ಮನಿಗೆ ಮೊದಲ ವಂದನೆ. ಹಿಡಿದ ಕೆಲಸದ ಎಡರುಗಳನ್ನು ನಿವಾರಿಸುವ ಗಜಮುಖನಿಗೆ ಎರಡನೆಯದು. ಅಕ್ಷರರೂಪಿಣಿಯಾಗಿ ಎಲ್ಲಿ ಬರೆದರೂ ಅಳಿಯದೆ ಉಳಿಯುವ ವಾಗ್ದೇವಿಗೆ ಮೂರನೆಯದು. ಇನ್ನು ಕಥೆ.

ಮೆಕ್ಯಾನಿಕ್ ಬಲಬೀರ್ ಸಿಂಗ್ ಸಿಲಿಂಡರನ್ನು ಎರಡೂ ಕೈಗಳಿಂದ ಹಿಡಿದು, ಹಲ್ಲು ಕೀಳುವ ವೈದ್ಯನ ಹಾಗೆ ಅತ್ತಿತ್ತ ಅಲುಗಿಸಿ, ಕೊನೆಗೆ ಉಸಿರು ಬಿಗಿಹಿಡಿದು ಮೇಲಕ್ಕೆಳೆದ. ಒಳಗಿದ್ದ ಪಿಸ್ಟನ್ ಹೊರಗೆ ಕಾಣಿಸಿತು. ಅದರ ಮೈತುಂಬ ಉಗುರಿನಿಂದ ಕೆರೆದಂಥ ಉದ್ದುದ್ದ ಗೀರುಗಳು. ದೆಹಲಿಯ ಆರ್.ಕೆ. ಪುರಂನ ಮಾರುಕಟ್ಟೆಯ ಹಿಂದೆ, ಬೇವಿನ ಮರದ ಅರೆನೆರಳಿನಲ್ಲಿ, ಹದಿನೆಂಟು ವರ್ಷದ ಆ ಮೋಟಾರ್ ಸೈಕಲ್ಲು ಎದೆ ತೆರೆದುಕೊಂಡು ನಿಂತಿತ್ತು. ಜೂನ್ ತಿಂಗಳ ಗಾಳಿ ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು.

ಬಲಬೀರ್ ಎಂಜಿನ್ನಿನ ತಳದಿಂದ ಒಂದು ಬೆರಳು ಕಪ್ಪು ಜಿಡ್ಡನ್ನು ಬಳಿದು ಗಾಡಿಯ ಯಜಮಾನ ಜಯಾನಂದನ ಮೂಗಿನ ಬಳಿ ಹಿಡಿದ.

"ಮೂಸಿ ನೋಡಿ ಅಣ್ಣಾಜೀ. ಇದು ಎಣ್ಣೆಯಲ್ಲ, ಡಾಂಬರು. ಯಾರೋ ಬಳಸಿ ಬಿಟ್ಟ ಎಣ್ಣೆಯನ್ನು ಸೋಸಿ, ಬಣ್ಣ ಹಾಕಿ ಮಾರಿದ್ದಾರೆ. ಒಳ್ಳೆಯ ಎಣ್ಣೆ ಎರಡೂವರೆ ತಿಂಗಳಿಗೆ ಹೀಗಾಗುತ್ತದಾ?"

"ಎಣ್ಣೆಯ ವಿಷಯ ನನಗೆ ಹೇಳಿಕೊಡಬೇಡ ಬಲಬೀರ್." ಜಯಾನಂದನ ಧ್ವನಿ ಏರಿತು. "ಡಬ್ಬಿ ತಂದವನು ನಾನು. ಮುಚ್ಚಳದ ಸೀಲು ಒಡೆದವನು ನಾನು. ಬೆರಳಲ್ಲಿ ತಿಕ್ಕಿ ನೋಡಿ ಹಾಕಿದವನೂ ನಾನೇ."

"ಹಾಗಾದರೆ ಎಂಜಿನ್ ಯಾಕೆ ಕಚ್ಚಿ ಬಿಗಿಯಿತು?"

"ಮತ್ತೆ ಯಾಕೆ? ಹಾಫ್ ಕ್ಲಚ್! ಜಾಮಿನಲ್ಲಿ ಮಗಳು ಕ್ಲಚ್ಚನ್ನು ಅರ್ಧ ಹಿಡಿದುಕೊಂಡೇ ಎಳೆದಿದ್ದಾಳೆ. ಗಾಳಿ ತಾಗದೆ ಎಂಜಿನ್ ಕಾದಿದೆ, ಕಚ್ಚಿದೆ."

ಬಲಬೀರನ ಕಣ್ಣು ಮರದ ಬುಡದ ಕಲ್ಲಿನ ಮೇಲೆ ಕುಳಿತಿದ್ದ ನಿರೀಕ್ಷಾಳ ಕಡೆಗೆ ಹೋಯಿತು. ಅವಳ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಕ್ಲಚ್ ಹಿಡಿಯುವುದು ಆ ಕೈಯೇ.

"ಅಪ್ಪಾ, ಮೈನೇ ಹಾಫ್ ಕ್ಲಚ್ ನಹೀ ಕಿಯಾ," ಎಂದಳು ಮಗಳು. "ಮಾಡಲಿಲ್ಲ ಅಂತ ಎಷ್ಟು ಸಲ ಹೇಳುವುದು ನಿಮಗೆ?"

"ಹಾಗಾದರೆ ನಾನು ಸುಳ್ಳು, ಅಲ್ವಾ?"

"ನೀವು ಸುಳ್ಳು ಅಂತ ನಾನು ಹೇಳಲಿಲ್ಲ. ನಾನು ಸುಳ್ಳು ಅಂತ ನೀವು ಹೇಳ್ತಾ ಇದ್ದೀರಿ."

ಅವಳು ಎದ್ದು ಬಸ್ ನಿಲ್ದಾಣದ ಕಡೆಗೆ ನಡೆದಳು.

ಜಯಾನಂದನ ಈ ಹಟ ಒಂದು ದಿನದಲ್ಲಿ ಬೆಳೆದದ್ದಲ್ಲ. ಪಡುಬಿದ್ರೆಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ದೆಹಲಿಗೆ ಬಂದು, ಪರರ ಹೋಟೆಲಿನಲ್ಲಿ ಲೋಟ ತೊಳೆದು, ಕ್ರಮೇಣ ತನ್ನದೇ ಸಣ್ಣ ಹೋಟೆಲನ್ನು ಕಟ್ಟಿದವನು ಅವನು. ಅವನ ಅಡುಗೆಮನೆಯಲ್ಲಿ ಸಂಜೆ ವಡೆ ಕರಿದ ಎಣ್ಣೆ ಮರುದಿನದ ಬೆಳಗನ್ನು ಕಂಡದ್ದಿಲ್ಲ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಎಳೆ ಬಿಡಿಸಿ, ಮೂಸಿ, ಇದು ಎಷ್ಟು ಸಲ ಕಾದ ಎಣ್ಣೆಯೆಂದು ಹೇಳಬಲ್ಲ ಕೈ ಅವನದು. ಅದೇ ವಿದ್ಯೆಯನ್ನು ಅವನು ಮೋಟಾರ್ ಸೈಕಲ್ಲಿಗೂ ಸಲ್ಲಿಸಿದ್ದ. ಹೋಟೆಲು ಕೈಹಿಡಿದ ವರ್ಷ ಕೊಂಡ ಗಾಡಿ ಅದು. ಅದಕ್ಕೆ ಕಾರಿನಂತೆ ನೀರಿನ ತಂಪಿಲ್ಲ. ಹೊರಗೆ ಗಾಳಿ, ಒಳಗೆ ಎಣ್ಣೆ, ಎರಡೇ ಅದರ ಆಸರೆ. ತೆಳುವಾದ ಎಣ್ಣೆ ಹಾಕಿದರೆ ಮೈಲೇಜು ಹೆಚ್ಚುತ್ತದೆಂದು ಯಾರೋ ಉಪದೇಶಿಸಿದಾಗ, "ಕಾದ ಕೂಡಲೆ ಸಾರಿನ ಹಾಗೆ ನೀರಾಗುವ ಎಣ್ಣೆಯನ್ನು ನಿನ್ನ ಗಾಡಿಗೆ ಹಾಕಿಕೋ ಮಾರಾಯ, ದೆಹಲಿಯ ಬಿಸಿಲಿಗೆ ದಪ್ಪ ಎಣ್ಣೆಯೇ ಸೈ" ಎಂದು ಬಾಯಿ ಮುಚ್ಚಿಸಿದ್ದ. ಎರಡು ಸಾವಿರ ಕಿಲೋಮೀಟರಿಗೊಮ್ಮೆ, ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ತಾನೇ ತುಂಬುತ್ತಿದ್ದ.

ತುಂಬಿದ ಮೇಲೆ ಇನ್ನೊಂದು ಕೆಲಸವಿತ್ತು. ಅವನ ತಾಯಿ ಅಮ್ಮಣ್ಣಿ, ಅಕ್ಕಿಯ ಡಬ್ಬಿಯಿರಲಿ ಸೀಮೆಎಣ್ಣೆಯ ಡಬ್ಬಿಯಿರಲಿ, ಮೊದಲ ಸಲ ತೆರೆದ ಯಾವುದರ ಮೇಲೂ ಶ್ರೀಕಾರ ಬರೆಯದೆ ಬಿಟ್ಟವಳಲ್ಲ. ಮಗನೂ ಎಣ್ಣೆಯ ಡಬ್ಬಿಯ ಬೋಳು ಬೆನ್ನಿನ ಮೇಲೆ ಮೊಳೆಯಿಂದ 'ಶ್ರೀ' ಎಂದು ಗೀಚುತ್ತಿದ್ದ. ತಾಯಿಯ ಕೈಬರಹದಂತೆಯೇ ಕೆಳಗಿನ ಒತ್ತಿನ ಬಾಲವನ್ನು ಉದ್ದಕ್ಕೆ ಎಳೆದು, ತುದಿಯಲ್ಲಿ ಸುರುಳಿ ಸುತ್ತುತ್ತಿದ್ದ.

ಬಲಬೀರ್ ತನ್ನ ಬಳಿ ಖಾಲಿಯಾದ ಪ್ರತಿಯೊಂದು ಡಬ್ಬಿಗೂ ಸ್ಕ್ರೂಡ್ರೈವರಿನಿಂದ ತೂತು ಹೊಡೆಯುವವನು. ಹೊಡೆಯದಿದ್ದರೆ ಗುಜರಿಯವನು ಒಯ್ಯುತ್ತಾನೆ, ಅದರಲ್ಲಿ ಕೆಟ್ಟ ಎಣ್ಣೆ ತುಂಬಿ ಮತ್ತೆ ಅಂಗಡಿಗೆ ಬರುತ್ತದೆ ಎಂಬುದು ಅವನ ವಾದ. ಜಯಾನಂದನ ಡಬ್ಬಿಗೆ ಮಾತ್ರ ಅವನು ಕೈಹಚ್ಚುವಂತಿರಲಿಲ್ಲ. "ದೇವರ ಅಕ್ಷರ ಬರೆದಿದ್ದೇನೆ. ಅದಕ್ಕೆ ಕಬ್ಬಿಣ ಚುಚ್ಚುವುದಾ? ಬೇಡ." ಡಬ್ಬಿಗಳನ್ನು ಅವನು ಗೋಡೆಯ ಮೇಲೆ ಮರ್ಯಾದೆಯಿಂದ ಇಟ್ಟು ಹೋಗುತ್ತಿದ್ದ. ವಾರದೊಳಗೆ ಅವು ಗುಜರಿಯವನ ಚೀಲ ಸೇರುತ್ತಿದ್ದವು.

ನಿರೀಕ್ಷಾ ಗುಡಗಾಂವಿನ ಕಛೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಗಾಡಿ ಕಲಿಸಿದವನೂ ತಂದೆಯೇ. ಹುಡುಗಿಗೆ ಸ್ಕೂಟಿ ಸಾಲದೇ ಎಂದು ನೆಂಟರು ನಕ್ಕರೂ ಅವನು ಕಿವಿಗೊಡಲಿಲ್ಲ. ಒಂದು ವರ್ಷ ಅವಳು ಗಾಡಿಯನ್ನು ಕೂದಲು ಕೊಂಕದಂತೆ ಓಡಿಸಿದಳು. ಎಂಜಿನ್ ಕಚ್ಚಿದ ದಿನ ಹೆದ್ದಾರಿಯ ಕಾಮಗಾರಿಯಿಂದಾಗಿ ಧೌಲಾ ಕುವಾಂ ಬಳಿ ಮುಕ್ಕಾಲು ಗಂಟೆಯ ಜಾಮು. ಅದು ಬಿಚ್ಚಿ ವೇಗ ಹಿಡಿದ ಎರಡನೆಯ ನಿಮಿಷಕ್ಕೆ ಎಂಜಿನ್ ಒಮ್ಮೆಲೆ ಬಿಗಿದು, ಹಿಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಅವಳು ರಸ್ತೆಗೆ ಉರುಳಿಬಿದ್ದಳು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಬ್ರೇಕು ಒತ್ತಿದ್ದರಿಂದ ಮುರಿದದ್ದು ಮಣಿಕಟ್ಟು ಮಾತ್ರ. ಆಸ್ಪತ್ರೆಗೆ ಬಂದ ಜಯಾನಂದ ಮೊದಲು ಅತ್ತ, ಆಮೇಲೆ "ಎಂತ ಮಾಡಿದೆ ನೀನು?" ಎಂದು ಕೇಳಿದ. ಗಾಡಿಯ ಕೀಲಿಕೈ ಹೋಟೆಲಿನ ಮೇಜಿನ ಡ್ರಾಯರ್ ಸೇರಿತು. ಇನ್ನು ಮುಂದೆ ಅವಳಿಗೆ ಗಾಡಿಯಿಲ್ಲ ಎಂದು ಅವನು ಮನೆಯಲ್ಲಿ ಸಾರಿದ. ಮಗಳು ಕೀಲಿಯನ್ನು ಕೇಳಲಿಲ್ಲ. 'ತಪ್ಪು ನಿನ್ನದಲ್ಲ' ಎಂದು ತಂದೆ ಒಮ್ಮೆ ಹೇಳಲಿ ಎಂದಷ್ಟೇ ಕೇಳಿದಳು. ಅದನ್ನು ಅವನು ಹೇಳಲಿಲ್ಲ.

ಮುಂದಿನ ಭಾನುವಾರ, ಮುನಿರ್ಕಾದ ಮೂರನೆಯ ಮಹಡಿಯ ಮನೆಯಲ್ಲಿ, ಹೆಂಡತಿ ಸರಳಾ ದೊಡ್ಡಪತ್ರೆಯ ಕಡ್ಡಿ ನೆಡಲು ಪಾತ್ರೆ ಹುಡುಕುತ್ತಿದ್ದಳು. ಯುಗಾದಿಯ ಮರುದಿನ ಗಾಡಿಗೆ ಸುರಿದು ಖಾಲಿಯಾದ ಎಣ್ಣೆಯ ಡಬ್ಬಿಯನ್ನು, ಗಟ್ಟಿಯಾಗಿದೆಯೆಂದು ಅವಳು ಗುಜರಿಗೆ ಬಿಡದೆ ಮನೆಗೆ ತರಿಸಿ ಇಟ್ಟಿದ್ದಳು. ಜಿಡ್ಡು ಹೋಗಲೆಂದು ಅದನ್ನು ಬಿಸಿನೀರು, ಸೋಪಿನ ಪುಡಿಯಲ್ಲಿ ಮುಳುಗಿಸಿದಳು. ಸ್ವಲ್ಪ ಹೊತ್ತಿಗೆ ಬೆನ್ನಿನ ಮೇಲಿನ ಲೇಬಲ್ಲು ಕಾವಲಿ ಬಿಟ್ಟ ದೋಸೆಯಂತೆ ಅಂಚಿನಿಂದ ಎದ್ದುಬಂತು.

"ಇಲ್ಲಿ ಬನ್ನಿ," ಎಂದು ಅವಳು ಕರೆದಳು. "ಈ ಡಬ್ಬಿಗೆ ನೀವು ಎರಡು ಸಲ ಶ್ರೀ ಬರೆದಿದ್ದೀರಾ?"

"ಎರಡು ಸಲ ಯಾರು ಬರೆಯುತ್ತಾರೆ?"

ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದ. ಕುತ್ತಿಗೆಯ ಬಳಿ ಒಂದು ಶ್ರೀಕಾರವಿತ್ತು. ಅದು ಯುಗಾದಿಯದು, ಬೆನ್ನಿನ ಮೇಲೆ ಅಷ್ಟಗಲ ಲೇಬಲ್ ಇದ್ದುದರಿಂದ ಅಂದು ಜಾಗ ಸಾಲದೆ ಮೇಲೆ ಗೀಚಿದ್ದ. ಲೇಬಲ್ ಇದ್ದ ಕಡೆ ಇನ್ನೊಂದಿತ್ತು. ಅದರ ಗೀರುಗಳಲ್ಲಿ ಹಳೆಯ ಕೊಳೆ ಕೂತಿತ್ತು. ಒತ್ತಿನ ಬಾಲ ಉದ್ದಕ್ಕೆ ಇಳಿದು ತುದಿಯಲ್ಲಿ ಸುರುಳಿ ಸುತ್ತಿತ್ತು.

ಅವನು ಆ ಬಾಲದ ಮೇಲೆ ಬೆರಳಾಡಿಸಿದ. ಎಲ್ಲಿಯೋ ಒಂದು ಕತ್ತಲೆಯ ಕೋಣೆಯಲ್ಲಿ ಯಾರೋ ಈ ಅಕ್ಷರದ ಮೇಲೆ ಗೋಂದು ಸವರಿ, ಅಂಗೈಯಿಂದ ಒತ್ತಿ ಮುಚ್ಚಿದ್ದರು. ತಾನು ಮರ್ಯಾದೆಯಿಂದ ಗೋಡೆಯ ಮೇಲಿಟ್ಟುಬಂದ ಡಬ್ಬಿಯನ್ನೇ ಹೊಲಸು ತುಂಬಿ ತನಗೆ ಮಾರಿದ್ದರು. ತಾನು ಅದರ ಬಣ್ಣಕ್ಕೆ ಮರುಳಾಗಿ, ಬೆರಳಲ್ಲಿ ತಿಕ್ಕಿ, ತಲೆದೂಗಿ, ಮಗಳು ಹತ್ತುವ ಗಾಡಿಗೆ ಸುರಿದಿದ್ದ.

"ಮಗಳಿಗೆ ಎಂತ ಹೇಳುತ್ತೀರಿ ಈಗ?" ಸರಳಾ ಮೆಲ್ಲಗೆ ಕೇಳಿದಳು.

ಅವನು ಒಳಗೆ ಹೋಗಿ ಮಗಳ ಕೋಣೆಯ ಬಾಗಿಲಲ್ಲಿ ನಿಂತ. "ಚಪ್ಪಲಿ ಹಾಕು. ಬಾ ನನ್ನ ಜೊತೆ."

ಬಿಡಿಭಾಗಗಳ ಅಂಗಡಿಗಳ ಓಣಿಯಲ್ಲಿ ಆ ಎಣ್ಣೆ ಮಾರಿದ ವ್ಯಾಪಾರಿ ಲಾಲಾನ ಅಂಗಡಿಗೇ ಹೆಚ್ಚು ಗಿರಾಕಿಗಳು. ಗಲ್ಲಾಪೆಟ್ಟಿಗೆಯ ಹಿಂದೆ ಲಕ್ಷ್ಮಿಯ ಪಟ; ಪಟದ ಕೆಳಗಿನ ಗೋಡೆಗೆ ಸಿಂಧೂರದಿಂದ ಬರೆದ ನಾಗರಿ ಅಕ್ಷರ. ಜಯಾನಂದ ಡಬ್ಬಿಯನ್ನು ಗಲ್ಲಾದ ಮೇಲೆ ಕುಕ್ಕಿದ.

"ಇದು ನನ್ನ ಡಬ್ಬಿ. ಹೋದ ವರ್ಷ ಖಾಲಿ ಮಾಡಿ ಬಿಸಾಡಿದ್ದು. ಇದನ್ನು ಹೊಸದು ಎಂದು ನನಗೇ ಮಾರಿದ್ದೀರಿ."

ಲಾಲಾ ಕನ್ನಡಕವನ್ನು ಹಣೆಗೇರಿಸಿ ನೋಡಿದ. "ಎಲ್ಲಿ ಬರೆದಿದೆ ನಿಮ್ಮದು ಅಂತ?"

"ಇಲ್ಲಿ."

"ಇದಾ?" ಲಾಲಾ ನಕ್ಕ. "ಭಾಯಿ ಸಾಬ್, ಇದು ಇಲಿ ಕೆರೆದದ್ದು. ಎಂಜಿನ್ ಹೋಯಿತೇನು? ಗಾಡಿ ಓಡಿಸುವವರು ಯಾರು, ಈ ಬಿಟಿಯಾನಾ?" ಅವನು ಪ್ಲಾಸ್ಟರ್ ನೋಡಿ ನಾಲಿಗೆ ಲೊಚಗುಟ್ಟಿದ. "ಅದೇ ನೋಡಿ. ಹುಡುಗಿಯರ ಕೈಯಲ್ಲಿ ಕ್ಲಚ್ ನಿಲ್ಲುತ್ತದಾ?"

ಅದು ಜಯಾನಂದನದೇ ಮಾತು. ಇನ್ನೊಬ್ಬನ ಬಾಯಿಂದ, ಗಿರಾಕಿಗಳ ನಗುವಿನ ನಡುವೆ, ಮಗಳ ಎದುರಿಗೆ ಅದನ್ನು ಕೇಳಿದಾಗ ಅವನ ಕಿವಿಯವರೆಗೂ ಬಿಸಿ ಏರಿತು.

"ಇಲಿ ಕೆರೆದದ್ದು ಎಂದಿರಾ?" ಅವನು ಗೋಡೆಯತ್ತ ಬೆರಳು ತೋರಿಸಿದ. "ಲಾಲಾಜೀ, ನಿಮ್ಮ ತಲೆಯ ಮೇಲೆ ಸಿಂಧೂರದಲ್ಲಿ ಎಂತ ಬರೆದಿದೆ? ಶ್ರೀ. ಇಲ್ಲಿ ಬರೆದದ್ದೂ ಅದೇ. ಲಿಪಿ ಬೇರೆ, ದೇವಿ ಒಬ್ಬಳೇ. ದಿನಾ ಬೆಳಿಗ್ಗೆ ಅವಳಿಗೆ ಅಗರಬತ್ತಿ ಹಚ್ಚುತ್ತೀರಿ. ಇಲ್ಲಿ ಅವಳ ಮೇಲೆಯೇ ಕಾಗದ ಅಂಟಿಸಿ ವಿಷ ಮಾರುತ್ತೀರಿ!"

ಲಾಲಾ ತಿರುಗಿ ಗೋಡೆಯನ್ನು ನೋಡಿದ. ಬಳಿಕ ಅವನು ಧ್ವನಿ ತಗ್ಗಿಸಿ, ಕೆಳಗೆ ಬಾಗಿ, ಎರಡು ಡಬ್ಬಿಗಳನ್ನು ತೆಗೆದು ಮುಂದಿಟ್ಟ. "ಅರೇ, ಅಣ್ಣಾ, ಬಿಸಿ ಆಗಬೇಡಿ. ಇವನ್ನು ಹಾಗೇ ಒಯ್ಯಿರಿ. ಇದು ಒಳಗಿನ ಮಾಲು. ಅಸಲಿ."

"ಅಚ್ಛಾ?" ಎಂದಳು ನಿರೀಕ್ಷಾ. "ಇದು ಅಸಲಿ ಆದರೆ, ಅಂಕಲ್, ಹೊರಗೆ ಜೋಡಿಸಿ ಇಟ್ಟದ್ದು ಎಂತದು?"

ಯಾರೋ ಕಿಸಕ್ಕನೆ ನಕ್ಕರು. ಕೊರಿಯರಿನ ಚೀಲ ಹೆಗಲಿಗೆ ಹಾಕಿದ್ದವನೊಬ್ಬ ಕೈಯಲ್ಲಿದ್ದ ಡಬ್ಬಿಯನ್ನು ಮತ್ತೆ ಶೆಲ್ಫಿನಲ್ಲಿಟ್ಟು ಹೊರಗೆ ಹೋದ. ಲಾಲಾನ ಮುಖ ಗಂಟಿಕ್ಕಿತು.

"ನಡೆಯಿರಿ, ನಡೆಯಿರಿ. ಕೋರ್ಟಿಗೆ ಹೋಗಿ. ಜಡ್ಜ್ ಸಾಹೇಬರಿಗೆ ಮೊದಲು ನಿಮ್ಮ ಮದ್ರಾಸಿ ಅಕ್ಷರ ಕಲಿಸಿ."

ಜಯಾನಂದ ಗಲ್ಲಾದ ಮೇಲೆ ಎರಡೂ ಕೈಯೂರಿದ. "ಕಲಿಸುತ್ತೇನೆ. ಆದರೆ ಒಂದು ಮಾತು ಕೇಳಿ. ಎಂಜಿನ್ ಹೋಯಿತು, ಅದು ಕಬ್ಬಿಣ, ಮತ್ತೆ ಬರುತ್ತದೆ. ಹಿಂದೆ ಬಸ್ಸು ಇತ್ತು. ಗೊತ್ತುಂಟಾ ನಿಮಗೆ? ಬಸ್ಸು ಇತ್ತು! ಇವಳು ತನ್ನ ತಪ್ಪಿಲ್ಲ ಎಂದು ಮೂರು ವಾರದಿಂದ ಹೇಳುತ್ತಲೇ ಬಂದಳು. ಹೆತ್ತ ಮಗಳನ್ನು ನಾನು ನಂಬಲಿಲ್ಲ. ನಿಮ್ಮ ಸೀಲನ್ನು ನಂಬಿದೆ."

ನಿರೀಕ್ಷಾ ಗಲ್ಲಾದ ಮೇಲಿನ ಹಳೆಯ ಡಬ್ಬಿಯನ್ನು ಬಲಗೈಯಿಂದ ಎತ್ತಿಕೊಂಡು, "ಚಲೋ ಅಪ್ಪಾ," ಎಂದಳು. ಅವರು ಮೆಟ್ಟಿಲಿಳಿಯುವಾಗ ಹಿಂದೆ ಇನ್ನೊಬ್ಬ ಗಿರಾಕಿ ಅದೇ ಎಣ್ಣೆಗೆ ಚೌಕಾಸಿ ಮಾಡುತ್ತಿದ್ದ.

ಎಣ್ಣೆಯ ಕಂಪನಿಗೆ ಜಯಾನಂದ ಡಬ್ಬಿಯ ಫೋಟೋ ಸಹಿತ ಮೂರು ಪತ್ರ ಬರೆದ. ಒಂದಕ್ಕೂ ಉತ್ತರ ಬರಲಿಲ್ಲ. ಲಾಲಾನ ಅಂಗಡಿ ಎಂದಿನಂತೆ ತೆರೆಯಿತು.

ಶ್ರಾವಣದ ಒಂದು ಬೆಳಿಗ್ಗೆ, ಬೇವಿನ ಮರದ ಕೆಳಗೆ, ಬಲಬೀರ್ ಹೊಸ ಪಿಸ್ಟನ್ ಕೂಡಿಸಿದ ಎಂಜಿನ್ನಿನ ಕೊನೆಯ ಬೋಲ್ಟನ್ನು ಬಿಗಿದ. ನಿರೀಕ್ಷಾಳ ಪ್ಲಾಸ್ಟರ್ ಬಿಚ್ಚಿತ್ತು. ಮಣಿಕಟ್ಟು ಇನ್ನೂ ಬಿಳಿಚಿಕೊಂಡಿತ್ತು. ಪೆಟ್ರೋಲ್ ಬಂಕಿನಿಂದ ತಂದ ಎಣ್ಣೆಯನ್ನು ಈ ಸಲ ಸುರಿದವಳು ಅವಳು. ಜಯಾನಂದ ಬೆರಳಲ್ಲಿ ತಿಕ್ಕಿ ನೋಡಲಿಲ್ಲ. ಜೇಬಿನಿಂದ ಮೊಳೆಯನ್ನು ತೆಗೆದು ಮಗಳ ಮುಂದೆ ಹಿಡಿದ. ಮೊಳೆಯ ಜೊತೆಗೆ ಅವನ ಅಂಗೈಯಲ್ಲಿ ಗಾಡಿಯ ಕೀಲಿಕೈಯೂ ಇತ್ತು.

"ನನಗೆ ಕನ್ನಡ ಬರೆಯಲು ಬರುವುದಿಲ್ಲ ಅಲ್ವಾ ಅಪ್ಪಾ."

"ನೋಡಿಕೊಂಡು ಬರಿ."

ಅವಳು ಹಳೆಯ ಡಬ್ಬಿಯನ್ನು ಮಂಡಿಯ ಮೇಲಿಟ್ಟುಕೊಂಡು, ಅದನ್ನು ನೋಡುತ್ತ, ನಾಲಿಗೆಯ ತುದಿ ಕಚ್ಚಿಕೊಂಡು ಹೊಸದರ ಬೆನ್ನಿನ ಮೇಲೆ ಗೀಚಿದಳು. ಅಕ್ಷರ ಓರೆಯಾಯಿತು. ಬಾಲ ಮಾತ್ರ ಉದ್ದಕ್ಕೆ ಇಳಿದು ಸುರುಳಿ ಸುತ್ತಿತು.

ಜಯಾನಂದ ಬಲಬೀರನ ಸ್ಕ್ರೂಡ್ರೈವರನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ಅವಳಿಗೆ ಕೊಟ್ಟ.

"ಯಾಕೆ ಅಣ್ಣಾಜೀ," ಬಲಬೀರ್ ಗಡ್ಡದೊಳಗೆ ನಕ್ಕ, "ಇವತ್ತು ಪಾಪ ತಟ್ಟುವುದಿಲ್ಲವಾ?"

"ತಟ್ಟಿದರೆ ನನಗೆ ತಟ್ಟಲಿ." ಅವನು ಕುಕ್ಕರಗಾಲಿನಲ್ಲಿ ಕೂತು ಹೊಸ ಡಬ್ಬಿಯನ್ನು ಬೋರಲು ಮಾಡಿ ಎರಡೂ ಕೈಗಳಿಂದ ಅದುಮಿ ಹಿಡಿದ. "ಹೊಡಿ ಮಗಾ."

ಅವಳು ತಂದೆಯ ಮುಖವನ್ನೊಮ್ಮೆ ನೋಡಿ ಹೊಡೆದಳು. ಅವನು ಡಬ್ಬಿಯನ್ನು ಎತ್ತಿ ಹಿಡಿದ. ತಳದ ತೂತಿನಲ್ಲಿ ಉಳಿದಿದ್ದ ಎಣ್ಣೆಯ ಒಂದು ಹನಿ ಹೊಂಬಣ್ಣದಲ್ಲಿ ತೂಗಿ, ಬಿಸಿಲನ್ನು ಹಿಡಿದು, ಬೀಳಲೋ ಬೇಡವೋ ಎಂಬಂತೆ ನಿಂತಿತು.

ಈ ಕಥೆಯನ್ನು ಕೇಳಿದವರ ದೇವರ ದೀಪಕ್ಕೂ, ಒಲೆಯ ಬಾಣಲೆಗೂ, ಏರುವ ಬಂಡಿಗೂ ಕಲಬೆರಕೆಯಿಲ್ಲದ ಎಣ್ಣೆ ದೊರೆಯಲಿ. ಬೆಳಿಗ್ಗೆ ಅವರ ಮನೆಯಿಂದ ಹೊರಟವರೆಲ್ಲ ಸಂಜೆಗೆ ಕ್ಷೇಮವಾಗಿ ಹಿಂದಿರುಗಲಿ.